2,200 ಮೀಟರ್ ಎತ್ತರದಲ್ಲಿ ಫೀಲ್ಡ್ ಟಾರ್ಗೆಟ್: ಕೋರ್ಸ್ ಸೂಪರ್, ಏರ್ಪಾಡು ಅಷ್ಟಕ್ಕಷ್ಟೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಕೋರ್ಸ್ ಹಾಕಿದವರಿಗೆ ಐದಕ್ಕೆ ಐದು ಕೊಡಬಹುದು. ಝೀರೋ ರೇಂಜ್ (ಪಂದ್ಯಕ್ಕೆ ಮುಂಚೆ ಕಾಗದಕ್ಕೆ ಹೊಡೆದು ಸ್ಕೋಪ್ ಸರಿಹೊಂದಿಸಿಕೊಳ್ಳುವ ಜಾಗ) ಮತ್ತು ರೈಫಲ್‌ಗೆ ಗಾಳಿ ತುಂಬಿಸುವ ಜಾಗ ನೋಡಿಕೊಂಡವರಿಗೆ ಒಂದು ಕೊಟ್ಟರೂ ಜಾಸ್ತಿನೇ. ಆಯೋಜಕರ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ನೇರವಾಗಿ ಬರೆದಿದ್ದೇನೆ. ಇದು ಎತ್ತರದ ಜಾಗಕ್ಕೆ ಮೊದಲ ಸಲ ಏರ್‌ಗನ್ ಹೊತ್ತುಕೊಂಡು ಹೋಗುವವರಿಗೆ.

ಫೀಲ್ಡ್ ಟಾರ್ಗೆಟ್ ಅನ್ನೋ ಈ ಏರ್‌ಗನ್ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಾಗೆ, ಮೊಲ, ಇಲಿ ಆಕಾರದ ಲೋಹದ ತಗಡು, ಅದರಲ್ಲಿ ಒಂದು ತೂತು, ತೂತಿನ ಹಿಂದೆ ಒಂದು ಪಟ್ಟಿ. ಪೆಲೆಟ್ (ಏರ್‌ಗನ್ನಿನ ಪುಟ್ಟ ಸೀಸದ ಗುಂಡು) ತೂತಿನೊಳಗೆ ಹೋಗಿ ಪಟ್ಟಿಗೆ ಬಡಿದರೆ ಗುರಿ ಮಗುಚಿ ಬೀಳುತ್ತದೆ, ಒಂದು ಅಂಕ. ತಗಡಿಗೆ ಬಡಿದರೆ ಟಣ್ ಅಂತ ಸದ್ದು, ಸೊನ್ನೆ. ದೂರ ಎಷ್ಟು ಅಂತ ಯಾರೂ ಹೇಳುವುದಿಲ್ಲ, ಲೇಸರ್‌ನಲ್ಲಿ ಅಳೆಯುವ ಹಾಗೂ ಇಲ್ಲ. ಸ್ಕೋಪಿನ ಪಕ್ಕದ ದೊಡ್ಡ ಚಕ್ರ ತಿರುಗಿಸುತ್ತಾ ಹೋಗಿ, ಚಿತ್ರ ಎಲ್ಲಿ ಚೊಕ್ಕವಾಗುತ್ತದೋ ಅಲ್ಲಿ ಚಕ್ರದ ಮೇಲಿನ ಅಂಕಿ ಓದಿಕೊಳ್ಳಬೇಕು, ಅಷ್ಟೇ. ನಾನಿದ್ದದ್ದು ಪೆಲೆಟ್‌ನ ಶಕ್ತಿಗೆ 12 ಫುಟ್-ಪೌಂಡ್, ಅಂದರೆ 16.3 ಜೌಲ್ ಮಿತಿಯ ವಿಭಾಗ. ಗುರಿಗಳು 8ರಿಂದ 50 ಮೀಟರ್ ದೂರದಲ್ಲಿ. 50 ಮೀಟರ್‌ನಲ್ಲಿರುವ ತೂತು 4 ಸೆಂಟಿಮೀಟರ್ ಅಗಲ. ದಿನಕ್ಕೆ 25 ಲೇನ್ (ಹೊಡೆಯುವ ಜಾಗ), ಲೇನಿಗೆ ಎರಡು ಗುರಿ, ಎರಡು ದಿನ.

ಹೋಗುವ ಮುಂಚೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ತೆಳು ಗಾಳಿ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 20 ಕಮ್ಮಿ. ಗಾಳಿ ಕಮ್ಮಿಯಾದರೆ ಪೆಲೆಟ್‌ಗೆ ತಡೆ ಕಮ್ಮಿ, ವೇಗ ಉಳಿಯುತ್ತದೆ, ಬೇಗ ಮುಟ್ಟುತ್ತದೆ, ಕೆಳಗೆ ಬೀಳುವುದೂ ಕಮ್ಮಿ. ಅಡ್ಡಗಾಳಿ ತಳ್ಳುವುದು ಕೂಡ ಸುಮಾರು ಐದರಲ್ಲೊಂದು ಪಾಲು ಕಮ್ಮಿಯಾಗುತ್ತದೆ. ಕೇಳೋಕೆ ಎಲ್ಲಾ ಲಾಭವೇ, ಅಲ್ವಾ? ಲಾಭವೇ ಹೌದು, ಆದರೆ ಯಾವ ದೂರಕ್ಕೆ ಪೆಲೆಟ್ ಎಷ್ಟು ಬೀಳುತ್ತದೆ ಅಂತ ನಿಮ್ಮ ಹತ್ತಿರ ಇರುವ ಚಾರ್ಟ್ ಕೆಳಗಿನ ದಪ್ಪ ಗಾಳಿಯಲ್ಲಿ ಮಾಡಿದ್ದು.

ಇಲ್ಲೇ ಝೀರೋ ರೇಂಜ್ ಮೇಲೆ ನನ್ನ ಸಿಟ್ಟು. ಕಾಗದ ಹಾಕಿದ್ದು 20, 30 ಮತ್ತು 40 ಮೀಟರ್‌ಗೆ ಮಾತ್ರ. 50ಕ್ಕೆ ಇಲ್ಲ. ಕೇಳಿದರೆ "ಜಾಗ ಸಾಲಲಿಲ್ಲ" ಅಂದರು. ಅದರ ಪಕ್ಕದಲ್ಲೇ ಕಾರು ನಿಲ್ಲಿಸಲು ಬಯಲು ಬಿಟ್ಟಿದ್ದರು, ಇರಲಿ. ನನ್ನದು 8.44 ಗ್ರೇನ್ ತೂಕದ ಪೆಲೆಟ್, ಸೆಕೆಂಡಿಗೆ 800 ಅಡಿಗಿಂತ ಸ್ವಲ್ಪ ಕಮ್ಮಿ ವೇಗ. 30ಕ್ಕೆ ಝೀರೋ ಸರಿ ಮಾಡಿಕೊಂಡೆ. 40ಕ್ಕೆ ಹೊಡೆದು ನೋಡಿದರೆ ಚಾರ್ಟ್ ಪ್ರಕಾರವೇ ಬೀಳುತ್ತಿತ್ತು. ಖುಷಿಯಿಂದ ಪೆಟ್ಟಿಗೆ ಮುಚ್ಚಿದೆ. ಆಮೇಲೆ ರಾತ್ರಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, 40 ಮೀಟರ್‌ನಲ್ಲಿ ವ್ಯತ್ಯಾಸ ಬರೋದು 4 ಮಿಲಿಮೀಟರ್ ಅಷ್ಟೇ, ಒಂದು ಪೆಲೆಟ್‌ನ ಅಗಲಕ್ಕಿಂತ ಕಮ್ಮಿ, ಕಾಗದದ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. 50ಕ್ಕೆ ಹೋದರೆ ಅದೇ ವ್ಯತ್ಯಾಸ 1 ಸೆಂಟಿಮೀಟರ್. ತೂತಿನ ನಡುವಿನಿಂದ ಅಂಚಿಗೆ ಇರೋದೇ 2 ಸೆಂಟಿಮೀಟರ್. ಅರ್ಧ ಜಾಗ ಟ್ರಿಗರ್ ಮುಟ್ಟುವ ಮೊದಲೇ ಹೋಯಿತು. ಎತ್ತರದ ಜಾಗದಲ್ಲಿ ಪಂದ್ಯ ಇಡುವವರು ಬೇರೆ ಏನು ಕೊಡದಿದ್ದರೂ 50 ಮೀಟರ್‌ಗೆ ಒಂದು ಕಾಗದ ಕೊಡಲೇಬೇಕು, ಅಲ್ಲಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಕೆಳಗಿನಿಂದ ಹತ್ತಿ ಬಂದವರು.

ಗಾಳಿ ತುಂಬಿಸುವ ಕಥೆ ಇನ್ನೂ ಚೆನ್ನಾಗಿದೆ. "ಸಿಲಿಂಡರ್ ಇರುತ್ತದೆ, ಪಂಪು ಹೊತ್ತು ತರಬೇಡಿ" ಅಂತ ಮೊದಲೇ ತಿಳಿಸಿದ್ದರು. ಸಿಲಿಂಡರ್ ಇತ್ತು. ಮೊದಲ ದಿನ ಬೆಳಗ್ಗೆ ಹತ್ತರೊಳಗೆ ಅದರ ಒತ್ತಡ 150 ಬಾರ್‌ಗೆ ಇಳಿದಿತ್ತು, ನನಗೆ ಬೇಕಿದ್ದದ್ದು 200. ನಾನು ಮಾತು ನಂಬದೆ ಪಂಪು ತಂದಿದ್ದೆ, ಪುಣ್ಯ. ಆದರೆ ಪಂಪು ಕೂಡ ಉಸಿರಾಡೋದು ಅದೇ ತೆಳು ಗಾಳಿಯನ್ನೇ ಅಲ್ವಾ. ಒಂದೊಂದು ಎಳೆತಕ್ಕೂ ಒಳಗೆ ಹೋಗೋ ಗಾಳಿ ಐದರಲ್ಲೊಂದು ಪಾಲು ಕಮ್ಮಿ. ಮನೆಯಲ್ಲಿ 60 ಸಲ ಒತ್ತಿದರೆ ತುಂಬುತ್ತಿದ್ದದ್ದು ಅಲ್ಲಿ 75 ಸಲ ಬೇಕಾಯಿತು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಅಂತಾರಲ್ಲ, ಅದನ್ನ ಅಕ್ಷರಶಃ ಮಾಡಿದೆ. 75 ಮುಗಿಸಿ ನೇರ ಲೇನಿಗೆ ಹೋಗಿ ಕೂತರೆ ಸ್ಕೋಪಿನ ಗೆರೆ ಎದೆ ಬಡಿತದ ಜೊತೆ ಮೇಲೆ ಕೆಳಗೆ ಕುಣಿಯುತ್ತಿದೆ. ಉಸಿರು ಹಿಡಿಯೋಣ ಅಂದರೆ ಮೂರು ಸೆಕೆಂಡಿಗೆ ಎದೆ ಬಿಗಿಯುತ್ತದೆ. ಕೆಳಗೆ ಏಳೆಂಟು ಸೆಕೆಂಡು ಆರಾಮಾಗಿ ಹಿಡಿಯುವವನು ನಾನು. ಹಿಂದಿನ ದಿನವೇ ಹತ್ತಿ ಹೋಗಿ ಮಲಗಿದ್ದರೆ ಸ್ವಲ್ಪ ಸರಿಯಿರುತ್ತಿತ್ತೋ ಏನೋ.

ಕೋರ್ಸ್ ಮಾತ್ರ, ಅಬ್ಬಾ. ಯಾರು ಹಾಕಿದರೋ ಅವರಿಗೆ ಒಂದು ದೊಡ್ಡ ನಮಸ್ಕಾರ. ಇಡೀ ಇಳಿಜಾರನ್ನು ಬಳಸಿಕೊಂಡಿದ್ದರು. ಎಲ್ಲಕ್ಕಿಂತ ಕಡಿದಾದ ಏರು ಮುಗಿದ ತಕ್ಷಣ ನಿಂತು ಹೊಡೆಯುವ ಲೇನ್ ಇಟ್ಟಿದ್ದರು. ಬೇಕಂತಲೇ ಇಟ್ಟಿದ್ದು, ಅನುಮಾನವೇ ಬೇಡ. ಅಲ್ಲಿ ಬೈದುಕೊಂಡೆ, ಈಗ ಮೆಚ್ಚುತ್ತೇನೆ.

ನನ್ನನ್ನು ನಿಜವಾಗಿ ಕೆಡವಿದ್ದು 14ನೇ ಲೇನ್. ಕೊರಕಲಿನ ಆಚೆ, ಕೆಳಗೆ, ಕಪ್ಪು ಕಾಗೆ. ಚಕ್ರ 50 ಅಂತ ತೋರಿಸಿತು. ಇಳಿಜಾರು ಕಣ್ಣಳತೆಗೆ 20 ಡಿಗ್ರಿ. ಮೇಲಕ್ಕೆ ಹೊಡೆಯಲಿ ಕೆಳಕ್ಕೆ ಹೊಡೆಯಲಿ, ಇಳಿಜಾರಿನಲ್ಲಿ ಪೆಲೆಟ್ ಚಾರ್ಟ್ ಹೇಳಿದ್ದಕ್ಕಿಂತ ಮೇಲೇ ಬೀಳುತ್ತದೆ. 20 ಡಿಗ್ರಿಗೆ ಒಂದೂವರೆ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಅದು ನನಗೆ ಗೊತ್ತಿತ್ತು, ಆದರೆ ಒಂದೂವರೆ ಅಂದರೆ ತೂತಿನೊಳಗೇ ಇರುತ್ತದೆ ಬಿಡು ಅಂದುಕೊಂಡೆ. ತೆಳು ಗಾಳಿಯ 1 ಸೆಂಟಿಮೀಟರ್ ಅದರ ಮೇಲೆ ಕೂತಿದೆ ಅನ್ನೋದು ಗೊತ್ತಿರಲಿಲ್ಲ. ಎರಡೂ ಮೇಲಕ್ಕೇ ತಳ್ಳುತ್ತವೆ. ಟಣ್. ಸ್ಕೋಪಿನಲ್ಲಿ ನೋಡಿದರೆ ತೂತಿನ ಮೇಲಂಚಿನ ಆಚೆ ಬಣ್ಣ ಕಿತ್ತು, ಬೂದು ಬಣ್ಣದ ಸೀಸದ ಚುಕ್ಕೆ. ಬಟನ್ ಹೊಲಿದ ಹಾಗೆ, ನೆಟ್ಟಗೆ ನಡುವಿಗೆ.

ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರು ಆಗ ಹೇಳಿದ್ದು: "ನಿನ್ನ ಚಾರ್ಟ್ ಕೆಳಗಿಂದಲ್ವೇನಯ್ಯಾ? ಇಲ್ಲಿ ಗಾಳಿ ಎಲ್ಲಿದೆ, ಪೆಲೆಟ್ ಹಿಡಿದು ನಿಲ್ಲಿಸೋಕೆ? ಮೂರು ಕ್ಲಿಕ್ ಇಳಿಸು." ಎರಡನೇ ದಿನ 50ಕ್ಕೆ ಮೂರು ಕ್ಲಿಕ್ ಇಳಿಸಿದೆ. ನನ್ನ ಸ್ಕೋಪಿನ ಗುಂಡಿ ಒಂದು ಕ್ಲಿಕ್ ತಿರುಗಿಸಿದರೆ ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಪಾಲು), ಮೂರು ಕ್ಲಿಕ್ ಅಂದರೆ 50 ಮೀಟರ್‌ನಲ್ಲಿ ಹೆಚ್ಚುಕಡಿಮೆ ಆ 1 ಸೆಂಟಿಮೀಟರೇ. ಆ ಪುಣ್ಯಾತ್ಮರು ಸ್ಪ್ರಿಂಗ್ ರೈಫಲ್ ಹಿಡಿದಿದ್ದರು, ಅವರ ಗೋಳೇ ಬೇರೆ. ನಮ್ಮ ತುಂಬಿಸಿದ ಗಾಳಿಯ ರೈಫಲ್‌ಗೆ ಹೊರಗಿನ ಗಾಳಿ ತೆಳುವಾದರೆ ಪೆಲೆಟ್ ನಳಿಕೆ ಬಿಡುವಾಗಿನ ವೇಗ ಅಷ್ಟೇನೂ ಬದಲಾಗಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಒತ್ತೋದೇ ಆ ಕ್ಷಣ ಒಳಗಿರುವ ಗಾಳಿಯನ್ನ. ಅದೇ ಕಮ್ಮಿಯಾದರೆ ವೇಗ ಇಳಿಯುತ್ತದೆ, ಪಿಸ್ಟನ್ ಕೂಡ ಮೆತ್ತೆ ಇಲ್ಲದೆ ಜೋರಾಗಿ ಬಡಿಯುತ್ತದೆ. ವೇಗ ಅಳೆಯುವ ಯಂತ್ರದ ಮುಂದೆ ಅವರ ಮುಖ ನೋಡಬೇಕಿತ್ತು, ಮೂರು ಸಲ ಹೊಡೆದರು, ಯಂತ್ರವೇ ಕೆಟ್ಟಿದೆ ಅಂದರು.

ಇನ್ನು ಸ್ಕೋಪ್. ಬೆಳಗ್ಗೆ 6 ಡಿಗ್ರಿ, ಮಧ್ಯಾಹ್ನ 24. ಬಿಸಿಲು ಅಲ್ಲಿ ಚುಚ್ಚುತ್ತದೆ, ಕಪ್ಪು ಸ್ಕೋಪ್ ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಗಾಜು, ಲೋಹ ಬಿಸಿಯಾದ ಹಾಗೆ ಫೋಕಸ್ ಜಾರುತ್ತದೆ. ಮಧ್ಯಾಹ್ನದ ಹೊತ್ತಿಗೆ 50 ಮೀಟರ್ ಗುರಿಗೆ ನನ್ನ ಚಕ್ರ 47 ಅಂತ ಓದುತ್ತಿತ್ತು. ಆ ದೂರದಲ್ಲಿ ಮೂರು ಮೀಟರ್ ತಪ್ಪಿದರೆ ಸುಮಾರು 2 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ತಮಾಷೆ ಏನಂದರೆ, ಮೊದಲ ದಿನ ಮಧ್ಯಾಹ್ನ ಒಂದು ಇಳಿಜಾರಿನ ಗುರಿಯಲ್ಲಿ ಸ್ಕೋಪ್ ಕೆಳಗೆ ಎಳೆದದ್ದೂ, ತೆಳು ಗಾಳಿ ಮತ್ತು ಇಳಿಜಾರು ಮೇಲೆ ತಳ್ಳಿದ್ದೂ ಸರಿಹೋಗಿ ಗುರಿ ದೊಪ್ಪನೆ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಏನೋ ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ. ಲೇನ್‌ಗಳ ಹತ್ತಿರ ನಾಲ್ಕೈದು ಕಡೆ ನೆರಳಿಗೆ ಒಂದು ಟಾರ್ಪಾಲು ಕಟ್ಟಿದ್ದರೆ ಎಷ್ಟು ಜನರ ಅಂಕ ಉಳಿಯುತ್ತಿತ್ತೋ. ಎರಡನೇ ದಿನ ಸ್ಕೋಪ್ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಓಡಾಡಿದೆ, ನೋಡೋಕೆ ಜ್ವರ ಬಂದ ಮಗು ಎತ್ತಿಕೊಂಡ ಹಾಗಿತ್ತು.

ಅಡ್ಡಗಾಳಿ ಬಗ್ಗೆ ಒಂದೇ ಮಾತು. ಬೆಳಗ್ಗೆ ಗುಡ್ಡದಿಂದ ಕೆಳಕ್ಕೆ ಬೀಸುತ್ತದೆ, ಬಿಸಿಲೇರಿದ ಮೇಲೆ ಕೆಳಗಿನಿಂದ ಮೇಲಕ್ಕೆ. ನಡುವೆ ಒಂದು ಅರ್ಧ ಗಂಟೆ ಎತ್ತಲೂ ಇಲ್ಲ. ಆ ಅರ್ಧ ಗಂಟೆಯಲ್ಲಿ ನಿಮ್ಮ ಗುಂಪು ದೂರದ ಲೇನ್‌ಗಳಲ್ಲಿ ಇದ್ದರೆ ನಿಮ್ಮ ಅದೃಷ್ಟ. ನಳಿಕೆಯ ತುದಿಗೆ ಕಟ್ಟಿದ ಉಣ್ಣೆ ದಾರ ನಿಮ್ಮ ಹತ್ತಿರದ ಗಾಳಿಯನ್ನಷ್ಟೇ ಹೇಳುತ್ತದೆ, ಕೊರಕಲಿನ ನಡುವೆ ಏನಾಗುತ್ತಿದೆ ಅಂತ ಹುಲ್ಲು ನೋಡಬೇಕು.

ಮಾರ್ಷಲ್‌ಗಳು ಒಳ್ಳೆಯವರು. ಒಂದು ಗುರಿ ಸರಿಯಾಗಿ ಬೀಳುತ್ತಿಲ್ಲ ಅಂತ ದೂರು ಕೊಟ್ಟಾಗ ವಾದ ಮಾಡದೆ ಎಲ್ಲರನ್ನೂ ನಿಲ್ಲಿಸಿ, ಹೋಗಿ, ಪರೀಕ್ಷೆ ಮಾಡಿ ಬಂದರು. ಮಧ್ಯಾಹ್ನ ಎಲ್ಲ ತಗಡಿಗೂ ಹೊಸ ಬಣ್ಣ ಬಳಿದರು, ಹಾಗಾಗಿ ತಪ್ಪಿದ್ದು ಎಲ್ಲಿ ಬಿತ್ತು ಅಂತ ಕಾಣುತ್ತಿತ್ತು. ಇದು ಸಣ್ಣ ವಿಷಯ ಅಲ್ಲ, ಎಷ್ಟೋ ಕಡೆ ಮಾಡುವುದಿಲ್ಲ. ಕುಡಿಯುವ ನೀರು ಸಾಕಷ್ಟಿತ್ತು.

ನನ್ನ ಅಂಕ ಮೊದಲ ದಿನ 31, ಎರಡನೇ ದಿನ 38. ಮುಂದಿನ ಸಲವೂ ಹೋಗುತ್ತೇನೆ, ಸ್ಕೋಪಿನ ಚಕ್ರಕ್ಕೆ ದೂರದ ಅಂಕಿ ಬರೆದ ಪಟ್ಟಿ, ತಂಪಿಗೆ ಒಂದು, ಬಿಸಿಗೆ ಒಂದು ಅಂತ ಎರಡು ಅಂಟಿಸಿಕೊಂಡು. ಆಯೋಜಕರಿಂದ ಉತ್ತರ ಬಂದಿದೆ. 50 ಮೀಟರ್‌ಗೆ ಕಾಗದ ಹಾಕುತ್ತಾರಂತೆ, ನೆರಳಿನ ಬಗ್ಗೆ ಯೋಚಿಸುತ್ತಾರಂತೆ. ಸಿಲಿಂಡರ್ ಬಗ್ಗೆ ಒಂದಕ್ಷರ ಬರೆದಿಲ್ಲ, ಹಾಗಾಗಿ ಪಂಪಿಗೆ ಹೊಸ ವಾಷರ್ ಹಾಕಿಸುತ್ತಿದ್ದೇನೆ.