ಹದಿಹರೆಯದವರ ಕೈಯಲ್ಲಿ ಐನ್ಯಾಚುರಲಿಸ್ಟ್: ಎರಡು ವರ್ಷ ಬಳಸಿದ ಮೇಲೆ

ಪರಿಸರ ಕಾಪಾಡುವ ಕೆಲಸಕ್ಕೆ ಹದಿಹರೆಯದವರನ್ನು ಕರೆದಾಗ ನಾವು ಸಾಮಾನ್ಯವಾಗಿ ಅವರ ಕೈಗೆ ಒಂದು ಸಸಿಯನ್ನೋ ಕಸ ಹೆಕ್ಕುವ ಚೀಲವನ್ನೋ ಕೊಟ್ಟು, ಗುಂಪಿನ ಚಿತ್ರ ತೆಗೆಸಿಕೊಂಡು, ಮನೆಗೆ ಕಳುಹಿಸಿಬಿಡುತ್ತೇವೆ. ಮುಂದಿನ ವಾರ ಅವರು ಬರುವುದಿಲ್ಲ. ಬರಲೇಬೇಕು ಎನ್ನಿಸುವಂಥ ಕಾರಣವನ್ನು ನಾವು ಕೊಟ್ಟಿರುವುದೂ ಇಲ್ಲ. ಬಡಾವಣೆಯ ಕೆರೆಯೊಂದನ್ನು ನೋಡಿಕೊಳ್ಳುವ ಕಿರಿಯರ ಗುಂಪಿನೊಂದಿಗೆ ಎರಡು ವರ್ಷ ಬಳಸಿದ ಐನ್ಯಾಚುರಲಿಸ್ಟ್ ಎಂಬ ಉಚಿತ ಸೇವೆಯನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಅಳೆಯುತ್ತಿದ್ದೇನೆ: ಅದು ಮಕ್ಕಳನ್ನು ಎರಡನೆಯ ವಾರವೂ ಬರುವಂತೆ ಮಾಡುತ್ತದೆಯೇ?

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಈ ತಾಣ 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ. ಬಳಕೆ ಸರಳ. ಕಂಡ ಜೀವಿಯ ಚಿತ್ರ ತೆಗೆದರೆ ಅಥವಾ ಅದರ ಧ್ವನಿ ಮುದ್ರಿಸಿದರೆ ದಿನಾಂಕವೂ ಸ್ಥಳವೂ ಅದರೊಂದಿಗೆ ಸೇರಿಕೊಳ್ಳುತ್ತವೆ. ಹೆಸರು ಏನಿರಬಹುದೆಂದು ಯಂತ್ರವೇ ಕೆಲವು ಸೂಚನೆ ಕೊಡುತ್ತದೆ. ಆಮೇಲೆ ಬೇರೆ ಬಳಕೆದಾರರು ಅದನ್ನು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಪ್ರಭೇದದ ಮಟ್ಟದಲ್ಲಿ ಒಮ್ಮತಕ್ಕೆ ಬಂದಾಗ ಆ ದಾಖಲೆಗೆ ‘ಸಂಶೋಧನಾ ದರ್ಜೆ’ ಸಿಗುತ್ತದೆ, ಮತ್ತು ದಾಖಲಿಸಿದವರು ಅದರ ಮರುಬಳಕೆಗೆ ಪರವಾನಗಿ ಕೊಟ್ಟಿದ್ದರೆ ಅದು ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಭಂಡಾರವನ್ನೂ ಸೇರುತ್ತದೆ.

ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬಲ ಇರುವುದು ಯಂತ್ರದ ಜಾಣ್ಮೆಯಲ್ಲಿ ಅಲ್ಲ, ಈ ತಿದ್ದುವಿಕೆಯಲ್ಲಿ. ನಮ್ಮ ಗುಂಪಿನ ಹದಿನಾಲ್ಕರ ಹುಡುಗಿಯೊಬ್ಬಳು ಕೆರೆಯಂಚಿನ ಜೊಂಡಿನ ಮೇಲೆ ಕೂತಿದ್ದ ಕೀಟವೊಂದನ್ನು ಏರೋಪ್ಲೇನ್ ಚಿಟ್ಟೆ ಎಂದು ದಾಖಲಿಸಿದ್ದಳು. ಮರುದಿನ ಪರಿಚಯವೇ ಇಲ್ಲದ ಯಾರೋ ಒಬ್ಬರು, ರೆಕ್ಕೆಗಳು ಕೂತಾಗ ಮೈಗೆ ಒತ್ತಿ ಮಡಚಿಕೊಂಡಿವೆ, ಕಣ್ಣುಗಳು ಒಂದಕ್ಕೊಂದು ದೂರವಿವೆ, ಆದ್ದರಿಂದ ಇದು ಅದರ ಸಣಕಲು ಸಂಬಂಧಿಯಾದ ಡ್ಯಾಮ್ಸೆಲ್‌ಫ್ಲೈ ಎಂದು ಎರಡು ಸಾಲು ಬರೆದಿದ್ದರು. ಅವಳಿಗೆ ಮೊದಲು ಅವಮಾನವಾಯಿತು, ಆಮೇಲೆ ಹಟ ಬಂತು. ಮುಂದಿನ ಮೂರು ಭಾನುವಾರಗಳನ್ನು ಅವಳು ಎರಡೂ ಬಗೆಯ ಕೀಟಗಳ ಕಣ್ಣುಗಳನ್ನು ಹತ್ತಿರದಿಂದ ಚಿತ್ರಿಸುವುದರಲ್ಲಿ ಕಳೆದಳು. ಅವುಗಳ ಮರಿಗಳು ನೀರಿನೊಳಗೇ ಬೆಳೆಯುತ್ತವೆ ಎಂದು ಓದಿದ ಮೇಲೆ, ಕೆರೆಗೆ ಬಂದು ಸೇರುವ ಚರಂಡಿ ನೀರಿನ ಬಗ್ಗೆ ನಾನು ಹೇಳಿಕೊಡದೆಯೇ ಪ್ರಶ್ನೆ ಕೇಳತೊಡಗಿದಳು. ನಾವು ಹಿರಿಯರು ಮಕ್ಕಳನ್ನು ಹೊಗಳುವುದರಲ್ಲಿ ಧಾರಾಳಿಗಳು, ಗಂಭೀರವಾಗಿ ತಿದ್ದುವುದರಲ್ಲಿ ಜಿಪುಣರು. ಕಂಡದ್ದನ್ನು ಯಾರೋ ಕೂತು ಪರಿಶೀಲಿಸಿದರು ಎಂಬ ಅರಿವು ಪ್ರಮಾಣಪತ್ರ ಮಾಡದ ಕೆಲಸವನ್ನು ಅಲ್ಲಿ ಮಾಡಿತ್ತು.

ಎಡವಟ್ಟುಗಳೂ ಆದವು, ಹೆಚ್ಚಿನವು ನಮ್ಮವೇ. ಮೊದಲ ತಿಂಗಳು ಯಾರು ಹೆಚ್ಚು ದಾಖಲಿಸುತ್ತಾರೋ ಅವರಿಗೆ ಬಹುಮಾನ ಎಂದು ನಾನು ಘೋಷಿಸಿದ್ದರಿಂದ, ಮಸುಕು ಎಲೆಗಳು, ಕುಂಡದ ದಾಸವಾಳ, ಸಾಕಿದ ಬೆಕ್ಕು ಎಲ್ಲವೂ ರಾಶಿಯಾಗಿ ಬಂದು ಬಿದ್ದವು. ನೆಟ್ಟ ಗಿಡಗಳನ್ನೂ ಸಾಕಿದ ಪ್ರಾಣಿಗಳನ್ನೂ ಹಾಗೆಂದು ಗುರುತು ಮಾಡಬೇಕು. ಮಾಡಿದರೆ ಅವು ಸಾಂದರ್ಭಿಕ ದರ್ಜೆಗೆ ಇಳಿದು ಗುರುತಿಸುವವರ ಸಮಯ ಉಳಿಯುತ್ತದೆ. ಗುಂಪನ್ನು ಕರೆದೊಯ್ಯುವ ಮುನ್ನ ಶಿಕ್ಷಕರು ತಾವೇ ಬಳಸಿ ಪಳಗಬೇಕೆಂದು ತಾಣದ ಮಾರ್ಗದರ್ಶಿಯೇ ಹೇಳುತ್ತದೆ. ಅದನ್ನು ಓದದೆ ಹೊರಟ ತಪ್ಪು ನನ್ನದು.

ವಯಸ್ಸಿನ ಮತ್ತು ಸುರಕ್ಷತೆಯ ವಿಷಯದಲ್ಲಿ ಎಚ್ಚರ ಬೇಕು. ಹದಿಮೂರು ತುಂಬದವರು ಪೋಷಕರ ಅನುಮತಿಯಿಲ್ಲದೆ ಖಾತೆ ತೆರೆಯುವಂತಿಲ್ಲ. ಅಂಥವರಿಗೆ ಇದೇ ತಂಡ 2018ರಲ್ಲಿ ಹೊರತಂದ ಸೀಕ್ ಎಂಬ ಆ್ಯಪ್ ಹೆಚ್ಚು ಸೂಕ್ತ: ಅದಕ್ಕೆ ನೋಂದಣಿ ಬೇಡ, ಕ್ಯಾಮೆರಾ ಹಿಡಿದರೆ ಸ್ಥಳದಲ್ಲೇ ಹೆಸರು ಹೇಳಲು ಯತ್ನಿಸುತ್ತದೆ, ಖಚಿತವಿಲ್ಲದಿದ್ದರೆ ಕುಲ ಅಥವಾ ಕುಟುಂಬದ ಮಟ್ಟದಲ್ಲೇ ನಿಲ್ಲುತ್ತದೆ. ಆದರೆ ಅಲ್ಲಿ ತಿದ್ದುವ ಮನುಷ್ಯರಿಲ್ಲವಾದ್ದರಿಂದ, ಮೇಲೆ ಹೇಳಿದ ಹಟ ಹುಟ್ಟುವುದೂ ಇಲ್ಲ. ಹದಿಮೂರು ದಾಟಿದವರಿಗೆ ಖಾತೆ ಮಾಡಿಸುವಾಗ ನಿಜ ಹೆಸರು ಹಾಕಿಸಬೇಡಿ. ಮನೆಯ ಹಿತ್ತಲಿನ ದಾಖಲೆಗಳ ಸ್ಥಳವನ್ನು ಮಸುಕಾಗಿಸುವ ಆಯ್ಕೆಯನ್ನು ತಪ್ಪದೆ ಕಲಿಸಿ. ಹಾಗೆ ಮಸುಕಾಗಿಸಿದರೆ ಅಕ್ಷಾಂಶ, ರೇಖಾಂಶಗಳಲ್ಲಿ 0.2 ಡಿಗ್ರಿ ಅಳತೆಯ ಚೌಕದೊಳಗಿನ ಯಾವುದೋ ಒಂದು ಬಿಂದು ಮಾತ್ರ ಇತರರಿಗೆ ಕಾಣುತ್ತದೆ. ಅಪಾಯದಲ್ಲಿರುವ ಪ್ರಭೇದಗಳಿಗೆ ತಾಣವೇ ಈ ಮರೆಯನ್ನು ಒದಗಿಸುತ್ತದೆ, ಆದರೆ ಮಕ್ಕಳಿಗೆ ನಾವೇ ಒದಗಿಸಬೇಕು.

ಇನ್ನು ಈ ಸೇವೆ ಮಾಡಲಾರದ್ದು. ಅದು ಕಂಡದ್ದನ್ನು ದಾಖಲಿಸುತ್ತದೆಯೇ ಹೊರತು ಕಾಣದೆ ಹೋದದ್ದನ್ನಲ್ಲ. ಎಷ್ಟು ಹೊತ್ತು, ಎಷ್ಟು ಮಂದಿ ಹುಡುಕಿದರು ಎಂಬುದು ದಾಖಲೆಯಲ್ಲಿ ತಾನಾಗಿ ಸೇರುವುದಿಲ್ಲ. ಹೀಗಾಗಿ ಈ ವರ್ಷ ಕಪ್ಪೆಗಳ ದಾಖಲೆ ಇಮ್ಮಡಿಯಾದರೆ ಹೆಚ್ಚಿದ್ದು ಕಪ್ಪೆಗಳೋ ಹುಡುಕುವ ಹುಡುಗರೋ ಹೇಳಲಾಗದು. ಇದಕ್ಕಾಗಿ ನಾವು ಒಂದೇ ದಾರಿ, ಒಂದೇ ಹೊತ್ತು, ಮೂವತ್ತೇ ನಿಮಿಷ ಎಂಬ ಕಟ್ಟುಪಾಡು ಮಾಡಿಕೊಂಡು, ಬಂದವರ ಸಂಖ್ಯೆಯನ್ನು ಬೇರೆ ಪುಸ್ತಕದಲ್ಲಿ ಬರೆಯತೊಡಗಿದೆವು. ತಾಣದಿಂದ ದಾಖಲೆಗಳನ್ನು ಕೋಷ್ಟಕವಾಗಿ ಇಳಿಸಿಕೊಳ್ಳಬಹುದು, ಆದರೆ ಆ ಕೋಷ್ಟಕವನ್ನು ಹಿಡಿದು ಕೆರೆಯ ನಿರ್ಧಾರ ಮಾಡುವವರ ಬಾಗಿಲು ತಟ್ಟುವುದು ಯಾವ ಆ್ಯಪಿನ ಕೆಲಸವೂ ಅಲ್ಲ. ನಮ್ಮ ಮೊದಲ ವರ್ಷದ ಪಟ್ಟಿ ಯಾರ ಕೈಗೂ ಹೋಗಲಿಲ್ಲ, ಮತ್ತು ಆ ವರ್ಷದ ಕೊನೆಗೇ ಗುಂಪಿನ ಅರ್ಧದಷ್ಟು ಮಂದಿ ಬಿಟ್ಟುಹೋದರು. ಎರಡನೆಯ ವರ್ಷ ಮಕ್ಕಳೇ ಪಟ್ಟಿಯನ್ನು ಸಭೆಯಲ್ಲಿ ಓದಿ, ಪಕ್ಷಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಜೊಂಡು ಕಡಿಯಬಾರದೆಂದು ಕೇಳಿದರು. ಒಪ್ಪಿಗೆ ಅರೆಮನಸ್ಸಿನದೇ ಆದರೂ ಸಿಕ್ಕಿತು, ಗುಂಪೂ ಉಳಿಯಿತು.

ಹಾಗಾಗಿ, ಪಟ್ಟಿಯನ್ನು ಎಲ್ಲಿಗೆ ಒಯ್ಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುವ ಗುಂಪುಗಳಿಗೆ ಈ ಸೇವೆಯನ್ನು ಅನುಮಾನವಿಲ್ಲದೆ ಶಿಫಾರಸು ಮಾಡುತ್ತೇನೆ. ಒಂದು ದಿನದ ಕಾರ್ಯಕ್ರಮಕ್ಕೆ ಮಾತ್ರ ಬೇಕಿದ್ದರೆ ಸೀಕ್ ಸಾಕು. ಗುಂಪಿಗೆಲ್ಲ ಸೇರಿ ಒಂದೇ ಖಾತೆ ತೆರೆಯುವ ಸುಲಭದ ದಾರಿಯನ್ನು ಮಾತ್ರ ಹಿಡಿಯಬೇಡಿ. ಬೇರೆ ಬೇರೆ ಖಾತೆಗಳನ್ನು ಒಂದೇ ಯೋಜನೆಯಡಿ ತರುವ ಸೌಲಭ್ಯ ತಾಣದಲ್ಲೇ ಇದೆ, ಮತ್ತು ಆಗಷ್ಟೇ ತಿದ್ದುವವರ ಎರಡು ಸಾಲು ಆ ಕೀಟವನ್ನು ಕಂಡ ಹುಡುಗಿಗೇ ನೇರವಾಗಿ ತಲುಪುತ್ತದೆ.