ನ್ಯಾಚುರಲ್ ಸ್ಟ್ಯಾಟ್ ಟ್ರಿಕ್: ಹಲವು ಸೀಸನ್‌ಗಳ ಬಳಕೆಯ ನಂತರ

ಐಸ್ ಹಾಕಿಯ ಅಂಕಿಅಂಶಗಳ ಜಾಲತಾಣಗಳಲ್ಲಿ ನೋಡಲು ಅತ್ಯಂತ ನೀರಸವಾದದ್ದು ಯಾವುದೆಂದು ಕೇಳಿದರೆ ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಎನ್ನುತ್ತೇನೆ. ಬಿಟ್ಟಿರಲಾಗದ್ದು ಯಾವುದೆಂದು ಕೇಳಿದರೂ ಅದೇ ಉತ್ತರ. ಕಣ್ಸೆಳೆಯುವ ಅಲಂಕಾರವಿಲ್ಲ, ತೆರೆದ ಕೂಡಲೇ ಉದ್ದುದ್ದ ಕೋಷ್ಟಕಗಳು ಎದುರಾಗುತ್ತವೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2007-08ರ ಸೀಸನ್‌ನಿಂದ ಈಚಿನ ಲೆಕ್ಕವೆಲ್ಲ ಅಲ್ಲಿದೆ, ಅದೂ ಉಚಿತವಾಗಿ. ಸಿಎಫ್, ಎಫ್‌ಎಫ್, ಎಕ್ಸ್‌ಜಿಎಫ್ ಎಂಬ ಕಾಲಂ ಹೆಸರುಗಳನ್ನು ಕಂಡ ಹೊಸಬರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರೆ ಆಶ್ಚರ್ಯವಿಲ್ಲ. ಉಳಿದುಕೊಂಡವರಿಗೆ ಏನು ಸಿಗುತ್ತದೆ ಎಂಬುದನ್ನು ಹೇಳುವುದಕ್ಕೆ ಮೊದಲು ಹಳೆಯ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಬೇಕು.

ಹಳೆಯ ಲೆಕ್ಕವೆಂದರೆ ಪ್ಲಸ್-ಮೈನಸ್. ಆಟಗಾರ ರಿಂಕ್‌ನಲ್ಲಿ, ಅಂದರೆ ಹಿಮದ ಅಂಕಣದಲ್ಲಿ, ಇದ್ದಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡುತ್ತದೆ, ಎದುರಾಳಿ ಹೊಡೆದರೆ ಒಂದು ಕಳೆಯುತ್ತದೆ. ಪವರ್ ಪ್ಲೇಯಲ್ಲಿ, ಅಂದರೆ ಶಿಕ್ಷೆಯಿಂದಾಗಿ ಎದುರಾಳಿ ತಂಡದಲ್ಲಿ ಆಟಗಾರರು ಕಡಿಮೆ ಇರುವಾಗ, ಹೊಡೆದ ಗೋಲುಗಳನ್ನು ಎಣಿಸುವುದಿಲ್ಲ. ಆದರೆ ಖಾಲಿ ಬಲೆಗೆ ಬಿದ್ದ ಗೋಲು ಲೆಕ್ಕಕ್ಕಿದೆ. ಕೊನೆಯ ನಿಮಿಷದಲ್ಲಿ ಎದುರಾಳಿ ಇನ್ನೊಬ್ಬ ದಾಳಿಗಾರನನ್ನು ಇಳಿಸಲು ಗೋಲ್‌ಕೀಪರನ್ನು ಬೆಂಚಿಗೆ ಕರೆಸಿಕೊಂಡಾಗ ಯಾರೋ ದೂರದಿಂದ ಪಕ್ (ಆಟದ ರಬ್ಬರ್ ಬಿಲ್ಲೆ) ತಳ್ಳಿದರೂ, ಆಗಷ್ಟೇ ರಿಂಕ್‌ಗೆ ಇಳಿದವನಿಗೂ ಪುಣ್ಯದಲ್ಲಿ ಪಾಲು ಸಿಗುತ್ತದೆ. 2009-10ರ ಸೀಸನ್‌ನಲ್ಲಿ ಈ ಪಟ್ಟಿಯ ತುದಿಯಲ್ಲಿದ್ದವರು ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ರಕ್ಷಣಾ ಆಟಗಾರ ಜೆಫ್ ಶುಲ್ಜ್. ಅವರ ಲೆಕ್ಕ +50. ಅದೇ ತಂಡದಲ್ಲಿ ಅಲೆಕ್ಸ್ ಒವೆಚ್ಕಿನ್ ಆ ವರ್ಷ 50 ಗೋಲು ಹೊಡೆದಿದ್ದರು. ಶುಲ್ಜ್ ಕೆಟ್ಟ ಆಟಗಾರರಲ್ಲ. ಆದರೆ ಲೀಗ್‌ನ ಅತ್ಯುತ್ತಮ ಆಟಗಾರ ಅವರೇ ಎಂದು ಯಾರೂ ನಂಬಿರಲಿಲ್ಲ, ಆ ಸಂಖ್ಯೆಯನ್ನು ಅಚ್ಚು ಹಾಕಿದವರೂ ಸೇರಿದಂತೆ.

ಗೋಲುಗಳು ತೀರ ಕಡಿಮೆ ಎಂಬುದೇ ಇಲ್ಲಿನ ತೊಡಕು. ಒಂದು ಪಂದ್ಯದಲ್ಲಿ ಬೀಳುವ ಐದಾರು ಗೋಲುಗಳಲ್ಲಿ ಆಟಗಾರನೊಬ್ಬನ ಗುಣ ಎಷ್ಟು, ಅದೃಷ್ಟ ಎಷ್ಟು ಎಂದು ಬಿಡಿಸುವುದು ಕಷ್ಟ. ಹೊಡೆತದ ಪ್ರಯತ್ನಗಳಾದರೆ ನೂರರ ಆಸುಪಾಸಿನಲ್ಲಿರುತ್ತವೆ. ಗೋಲ್‌ಕೀಪರ್ ತಡೆದದ್ದು, ಗುರಿ ತಪ್ಪಿದ್ದು, ನಡುವೆ ಯಾರೋ ಮೈಯೊಡ್ಡಿ ನಿಲ್ಲಿಸಿದ್ದು, ಬಲೆ ಸೇರಿದ್ದು ಎಲ್ಲವನ್ನೂ ಸೇರಿಸಿದರೆ ಅದು ಕೋರ್ಸಿ. ಬಫಲೋ ಸೇಬರ್ಸ್‌ನ ಗೋಲ್‌ಕೀಪಿಂಗ್ ಕೋಚ್ ಆಗಿದ್ದ ಜಿಮ್ ಕೋರ್ಸಿ ತಮ್ಮ ಗೋಲ್‌ಕೀಪರ್ ಎಷ್ಟು ದಣಿಯುತ್ತಾನೆ ಎಂದು ತಿಳಿಯಲು ಇಂಥ ಎಣಿಕೆ ಇಟ್ಟುಕೊಂಡಿದ್ದರು. ನೋಡುಗರು ಅದನ್ನು ಇಡೀ ತಂಡದ ಆಟವನ್ನು ಅಳೆಯಲು ಎತ್ತಿಕೊಂಡರು. ನಡುವೆ ತಡೆಯಾದ ಹೊಡೆತಗಳನ್ನು ಬಿಟ್ಟು ಎಣಿಸಿದರೆ ಫೆನ್ವಿಕ್. 2015ರಲ್ಲಿ ಲೀಗ್‌ನ ಅಧಿಕೃತ ತಾಣವೂ ಇವೆರಡನ್ನು ಎಸ್‌ಎಟಿ, ಯುಎಸ್‌ಎಟಿ ಎಂಬ ಹೊಸ ಹೆಸರಿನಲ್ಲಿ ಸೇರಿಸಿಕೊಂಡಿತು. ಅಭಿಮಾನಿಗಳಲ್ಲಿ ಆ ಹೆಸರುಗಳನ್ನು ಬಳಸುವವರನ್ನು ನಾನಂತೂ ಕಂಡಿಲ್ಲ.

ಈ ತಾಣದ ನಿಜವಾದ ಬೆಲೆ ಇರುವುದು ಕೋಷ್ಟಕದ ಮೇಲಿರುವ ಆಯ್ಕೆಗಳ ಸಾಲಿನಲ್ಲಿ. ಅದನ್ನು ಮುಟ್ಟದೆ ಕೋಷ್ಟಕ ಓದುವವರು ಅರ್ಧ ಸತ್ಯ ಹಿಡಿದು ಹೊರಡುತ್ತಾರೆ. ನಾನು ಮೊದಲು ಮಾಡುವ ಕೆಲಸ ಐದಕ್ಕೆ ಐದರ ಆಟವನ್ನು ಮಾತ್ರ ಉಳಿಸಿಕೊಳ್ಳುವುದು. ಇಲ್ಲವಾದರೆ ಪವರ್ ಪ್ಲೇಯಲ್ಲಿ ಹೆಚ್ಚು ಕಾಲ ಆಡಿದವನು ಎಲ್ಲದರಲ್ಲೂ ದೊಡ್ಡವನಾಗಿ ಕಾಣುತ್ತಾನೆ. ಎರಡನೆಯದು ಒಟ್ಟು ಎಣಿಕೆಯ ಬದಲು ಅರವತ್ತು ನಿಮಿಷಕ್ಕೆ ಎಷ್ಟು ಎಂಬ ದರವನ್ನು ಆರಿಸುವುದು. ಜೊತೆಗೆ ಇಷ್ಟು ನಿಮಿಷಕ್ಕಿಂತ ಕಡಿಮೆ ಆಡಿದವರನ್ನು ಕೈಬಿಡು ಎಂಬ ಮಿತಿಯನ್ನೂ ಹಾಕಬೇಕು. ಹಾಕದಿದ್ದರೆ ಎರಡು ಪಂದ್ಯ ಆಡಿ ಮನೆಗೆ ಹೋದ ಹುಡುಗ ಪಟ್ಟಿಯ ನೆತ್ತಿಯ ಮೇಲೆ ಕುಳಿತಿರುತ್ತಾನೆ.

ಸ್ಕೋರಿಗೆ ಹೊಂದಿಸಿದ ಲೆಕ್ಕದ ಬಗ್ಗೆ ತುಸು ಹೆಚ್ಚು ಹೇಳಬೇಕು. ಎರಡು ಗೋಲು ಮುಂದಿರುವ ತಂಡ ಹಿಂದೆ ಸರಿದು ಬಾಗಿಲು ಕಾಯುತ್ತದೆ. ಹಿಂದಿರುವ ತಂಡ ಎಲ್ಲಿಂದ ಸಾಧ್ಯವೋ ಅಲ್ಲಿಂದ ಹೊಡೆಯುತ್ತದೆ. ಮೂರನೆಯ, ಅಂದರೆ ಕೊನೆಯ, ಅವಧಿಯ ಪ್ರಯತ್ನಗಳನ್ನು ಎಣಿಸಿ ಸೋತವರೇ ಚೆನ್ನಾಗಿ ಆಡಿದರು ಎಂದು ವಾದಿಸುವವರು ಇದನ್ನು ಮರೆಯುತ್ತಾರೆ. ಸ್ಕೋರನ್ನೂ ತವರಿನ ಅನುಕೂಲವನ್ನೂ ಗಣನೆಗೆ ತೆಗೆದುಕೊಂಡು ಪ್ರತಿ ಪ್ರಯತ್ನದ ತೂಕವನ್ನು ಬದಲಿಸುವ ಆಯ್ಕೆ ಇಲ್ಲಿದೆ. ಒಂದು ಕ್ಲಿಕ್ ಸಾಕು; ಎಷ್ಟೋ ಜಗಳಗಳು ಅಲ್ಲಿಗೇ ಮುಗಿಯುತ್ತವೆ.

ಇನ್ನು ಆಟಗಾರನೊಬ್ಬನನ್ನು ಹತ್ತಿರದಿಂದ ನೋಡೋಣ. ಅವನು ರಿಂಕ್‌ನಲ್ಲಿರುವಾಗ ತಂಡದ ಪ್ರಯತ್ನಗಳು 550, ಎದುರಾಳಿಯ ಪ್ರಯತ್ನಗಳು 450 ಎಂದುಕೊಳ್ಳಿ. ಅವನ ಕೋರ್ಸಿ ಪಾಲು ನೂರಕ್ಕೆ 55. ಭೇಷ್ ಎನ್ನಬಹುದು. ಅವನು ಬೆಂಚಿನಲ್ಲಿರುವಾಗ ಅದೇ ತಂಡದ ಪಾಲು 58 ಆಗಿದ್ದರೆ? ತಂಡ ಎಷ್ಟು ಬಲವಾಗಿದೆಯೆಂದರೆ ಅವನಿದ್ದರೂ ಗೆಲ್ಲುತ್ತಿದೆ ಎಂಬ ಅನುಮಾನ ಹುಟ್ಟುತ್ತದೆ. ಅನುಮಾನ ಮಾತ್ರ, ತೀರ್ಪು ಕೊಡಲು ಇನ್ನೂ ಸಾಕ್ಷಿ ಬೇಕು. ಅವನನ್ನು ಕೋಚ್ ಎದುರಾಳಿಯ ಮೊದಲ ಲೈನ್‌ಗೆ, ಅಂದರೆ ಅತ್ಯುತ್ತಮ ದಾಳಿಗಾರರ ಗುಂಪಿಗೆ, ಎದುರಾಗಿ ಇಳಿಸುತ್ತಿರಬಹುದು, ನಿಂತ ಆಟವನ್ನು ಮತ್ತೆ ಶುರುಮಾಡುವ ಫೇಸ್‌ಆಫ್‌ಗಳೆಲ್ಲ ತನ್ನದೇ ಬಲೆಯ ಬದಿಯಲ್ಲಿ ಇರಬಹುದು.

ಅಲ್ಲಿ ಕೈಹಿಡಿಯುವುದು ಲೈನ್ ಟೂಲ್. ಇಬ್ಬರು ಅಥವಾ ಹೆಚ್ಚು ಆಟಗಾರರ ಹೆಸರು ಕೊಟ್ಟರೆ ಅವರು ಒಟ್ಟಿಗಿದ್ದಾಗ ಏನಾಯಿತು, ಒಬ್ಬನಿದ್ದು ಇನ್ನೊಬ್ಬ ಇಲ್ಲದಾಗ ಏನಾಯಿತು, ಇಬ್ಬರೂ ಇಲ್ಲದಾಗ ಏನಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಯಾರ ಹೆಗಲ ಮೇಲೆ ಯಾರು ಕುಳಿತಿದ್ದಾರೆ ಎಂಬುದು ಇಲ್ಲಿ ಬಯಲಾಗುತ್ತದೆ. ಜೋಡಿ ಒಟ್ಟಿಗಿದ್ದಾಗ 56, ಮೊದಲನೆಯವನು ಬೇರೆಯವರ ಜೊತೆ 55, ಎರಡನೆಯವನು ಬೇರೆಯವರ ಜೊತೆ 46 ಎಂದು ಬಂದರೆ ಹೊಗಳಿಕೆಯನ್ನು ಯಾರಿಗೆ ಒಪ್ಪಿಸಬೇಕು ಎಂದು ಹೇಳಬೇಕಾಗಿಲ್ಲ. ಒಂದು ಎಚ್ಚರ: ಸೀಸನ್ ಪೂರ್ತಿ ಅಂಟಿಕೊಂಡೇ ಆಡುವ ಜೋಡಿಯಲ್ಲಿ ‘ಬೇರೆಯವರ ಜೊತೆ’ ಎಂಬ ಸಾಲಿಗೆ ಸಿಗುವ ನಿಮಿಷಗಳು ಬೆರಳೆಣಿಕೆಯಷ್ಟಿರುತ್ತವೆ, ಆ ಸಾಲನ್ನು ನಂಬಬಾರದು. ನಿಮಿಷಗಳ ಕಾಲಂ ಪಕ್ಕದಲ್ಲೇ ಇರುತ್ತದೆ; ಅದನ್ನು ಮೊದಲು ಓದಿ, ಶೇಕಡಾವಾರನ್ನು ಆಮೇಲೆ.

ಪಿಡಿಒ ಎಂಬ ಕಾಲಂ ನನ್ನ ಅಚ್ಚುಮೆಚ್ಚಿನದು. ಆಟಗಾರನಿರುವಾಗ ತಂಡದ ಹೊಡೆತಗಳಲ್ಲಿ ನೂರಕ್ಕೆ ಎಷ್ಟು ಗೋಲಾದವು ಎಂಬುದಕ್ಕೆ ಗೋಲ್‌ಕೀಪರ್ ನೂರಕ್ಕೆ ಎಷ್ಟು ತಡೆದ ಎಂಬುದನ್ನು ಕೂಡಿಸಿದರೆ ಪಿಡಿಒ. ಲೀಗ್‌ನ ಸರಾಸರಿ ನೂರು. ಅಲ್ಲಿಂದ ಬಹಳ ಮೇಲಿರುವವರು ಅದೃಷ್ಟ ತಿರುಗಿದಾಗ ಸಾಮಾನ್ಯವಾಗಿ ಕೆಳಗಿಳಿಯುತ್ತಾರೆ. 2013-14ರಲ್ಲಿ ಕೊಲರಾಡೊ ಅವಲಾಂಚ್ 112 ಅಂಕ ಗಳಿಸಿ ತನ್ನ ವಿಭಾಗವನ್ನೇ ಗೆದ್ದಿತು. ಹೊಡೆತಗಳ ಪಾಲು ಅರ್ಧಕ್ಕಿಂತ ಕಡಿಮೆಯಿತ್ತು. ಅಂಕಿಯವರು ಮೂಗು ಮುರಿದರು, ತಂಡದ ಅಭಿಮಾನಿಗಳು ನಕ್ಕರು. ಸೀಸನ್‌ನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮಿನೆಸೋಟ ವೈಲ್ಡ್ ಎದುರು ಏಳು ಪಂದ್ಯಗಳಲ್ಲಿ ಸೋತ ಕೊಲರಾಡೊ ಮರುವರ್ಷ ಪ್ಲೇಆಫ್‌ಗೇ ಬರಲಿಲ್ಲ. ಇದಕ್ಕೆ ತದ್ವಿರುದ್ಧ 2011-12ರ ಲಾಸ್ ಏಂಜಲೀಸ್ ಕಿಂಗ್ಸ್. ಗೋಲುಗಳಿಗೆ ಬರ, ಆದರೆ ಪಕ್ ಸದಾ ಎದುರಾಳಿಯ ಅಂಗಳದಲ್ಲಿ. ಪಶ್ಚಿಮ ವಲಯದ ಎಂಟನೆಯ ಸ್ಥಾನದಿಂದ ಬಂದು ಲೀಗ್‌ನ ಚಾಂಪಿಯನ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿದರು, 2014ರಲ್ಲಿ ಇನ್ನೊಮ್ಮೆ ಎತ್ತಿದರು. ಇವೆರಡನ್ನೇ ಹಿಡಿದು ಕೋರ್ಸಿ ಭವಿಷ್ಯ ನುಡಿಯುತ್ತದೆ ಎನ್ನುವವರೂ ಇದ್ದಾರೆ. ಅಷ್ಟು ಸಲೀಸಿಲ್ಲ, ಒಳ್ಳೆಯ ಪಾಲಿದ್ದೂ ಮೊದಲ ಸುತ್ತಿನಲ್ಲೇ ಮನೆಗೆ ಹೋದ ತಂಡಗಳಿವೆ.

ಎಲ್ಲ ಹೊಡೆತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕೋರ್ಸಿಯ ದೋಷ. ಅದಕ್ಕೆ ಇಲ್ಲಿ ಎರಡು ಪರಿಹಾರಗಳಿವೆ. ಒಂದು, ಅವಕಾಶಗಳ ಎಣಿಕೆ. ಬಲೆಯ ಮುಂದಿನ ಜಾಗವನ್ನು ವಲಯಗಳಾಗಿ ಹಂಚಿ ಹೊಡೆತಕ್ಕೆ ಒಂದರಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಹಿಂದಿನ ಹೊಡೆತವಾದ ಮೂರು ಸೆಕೆಂಡಿನೊಳಗೆ ಬಂದ ಮರುಹೊಡೆತಕ್ಕೂ, ಮಧ್ಯವಲಯದಿಂದಲೋ ತಮ್ಮದೇ ವಲಯದಿಂದಲೋ ನಾಲ್ಕು ಸೆಕೆಂಡಿನೊಳಗೆ ನುಗ್ಗಿ ಹೊಡೆದದ್ದಕ್ಕೂ ಒಂದಂಕ ಹೆಚ್ಚು. ನಡುವೆ ತಡೆಯಾದದ್ದಕ್ಕೆ ಒಂದು ಕಡಿಮೆ. ಎರಡು ಮುಟ್ಟಿದರೆ ಅವಕಾಶ, ಮೂರು ಮುಟ್ಟಿದರೆ ದೊಡ್ಡ ಅಪಾಯ. ಒರಟು ಲೆಕ್ಕವೇ ಹೌದು, ಆದರೆ ಏನು ನಡೆಯುತ್ತಿದೆ ಎಂದು ಕಾಣುತ್ತದೆ. ಇನ್ನೊಂದು ನಿರೀಕ್ಷಿತ ಗೋಲು, ಅಂದರೆ ಎಕ್ಸ್‌ಜಿ. ದೂರ, ಕೋನ, ಹೊಡೆತದ ಬಗೆ ಮುಂತಾದವನ್ನು ನೋಡಿ ಈ ಹೊಡೆತ ಗೋಲಾಗುವ ಸಂಭವವೆಷ್ಟು ಎಂದು ಕಟ್ಟುವ ಅಂದಾಜು ಅದು. ಮನಿಪಕ್ ತಾಣದ ಮಾದರಿಯೇ ಬೇರೆ, ಇಲ್ಲಿನದೇ ಬೇರೆ. ಒಂದೇ ಪಂದ್ಯಕ್ಕೆ ಎರಡು ಉತ್ತರ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಲೀಗ್ ಬಹಿರಂಗಪಡಿಸುವ ಪಂದ್ಯದ ದಾಖಲೆಯಲ್ಲಿ ಹೊಡೆತಕ್ಕೆ ಮುಂಚಿನ ಪಾಸ್ ಇರುವುದಿಲ್ಲ, ಗೋಲ್‌ಕೀಪರನ ಕಣ್ಣಿಗೆ ಯಾರು ಅಡ್ಡ ನಿಂತಿದ್ದರು ಎಂಬುದೂ ಇರುವುದಿಲ್ಲ. ಎಂಥ ಜಾಣ ಮಾದರಿಯಾದರೂ ಆ ಕುರುಡನ್ನು ಹೊತ್ತೇ ಇರುತ್ತದೆ.

ಗೋಲ್‌ಕೀಪರುಗಳ ಪುಟಗಳನ್ನು ನಾನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ತಾಣದ ತಪ್ಪಲ್ಲ, ವರ್ಷದಿಂದ ವರ್ಷಕ್ಕೆ ಅವರ ಸಂಖ್ಯೆಗಳೇ ಉಯ್ಯಾಲೆಯಾಡುತ್ತವೆ.

ನಡುವೆ ಹಣ ಕಟ್ಟಿ ಇನ್ನೊಂದು ಆ್ಯಪ್ ಕೂಡ ಬಳಸಿದ್ದೆ, ಹೆಸರು ಬೇಡ. ಪ್ರತಿ ಆಟಗಾರನಿಗೂ ಚಂದದ ಕಾರ್ಡು, ನೂರಕ್ಕೆ ಇಷ್ಟು ಎಂಬ ಒಂದೇ ಅಂಕ. ಓದಲು ಹಾಯೆನಿಸುತ್ತಿತ್ತು. ಸೀಸನ್‌ನ ನಡುವೆ ಒಂದು ದಿನ ನೋಡಿದರೆ ಹಲವರ ಅಂಕಗಳು ರಾತ್ರೋರಾತ್ರಿ ಮೇಲೆ ಕೆಳಗೆ ಆಗಿದ್ದವು, ಅಂದು ಅವರಾರೂ ಆಡಿರಲಿಲ್ಲ. ಕೇಳಿದ್ದಕ್ಕೆ ಮಾದರಿ ಸುಧಾರಿಸಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಏನು ಸುಧಾರಿಸಿತು ಎಂಬುದು ಬರಲಿಲ್ಲ. ಸಂಕೀರ್ಣ ಮಾದರಿಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಾನೇ ಕೂಡಿ ಕಳೆದು ತಾಳೆ ನೋಡಬಹುದಾದ ಸಂಖ್ಯೆಯ ಎದುರು, ಕೇಳಿದರೂ ವಿವರ ಸಿಗದ ಸಂಖ್ಯೆಗೆ ನನ್ನ ಬಳಿ ಬೆಲೆಯಿಲ್ಲ. ಚಂದಾ ನವೀಕರಿಸಲಿಲ್ಲ.

ಯಾರಿಗೆ ಶಿಫಾರಸು ಮಾಡುತ್ತೇನೆ? ಪಂದ್ಯ ನೋಡುವ ಅಭ್ಯಾಸವಿದ್ದು ‘ಇವನನ್ನು ಯಾಕೆ ಆಡಿಸುತ್ತಾರೆ’ ಎಂದು ಒಮ್ಮೆಯಾದರೂ ಗೊಣಗಿದವರಿಗೆ. ನಿಯಮಗಳನ್ನೇ ಇನ್ನೂ ಕಲಿಯುತ್ತಿರುವವರು ಸ್ವಲ್ಪ ಕಾಯಲಿ. ಸ್ಕೇಟಿಂಗ್ ವೇಗ, ಹೊಡೆತದ ವೇಗ ಬೇಕಾದವರು ಲೀಗ್‌ನದೇ ಆದ ಎನ್‌ಎಚ್‌ಎಲ್ ಎಡ್ಜ್ ನೋಡಲಿ. ಅದಕ್ಕೆ ಇಲ್ಲಿ ಉತ್ತರವಿಲ್ಲ. ಮೊಬೈಲ್‌ನ ಪುಟ್ಟ ಪರದೆಯಲ್ಲಿ ಈ ಅಗಲವಾದ ಕೋಷ್ಟಕಗಳನ್ನು ಓದುವ ಸಾಹಸ ಬೇಡ, ಕಂಪ್ಯೂಟರ್ ಮುಂದೆ ಕುಳಿತೇ ನೋಡಿ.

ಇಂಥ ತಾಣಗಳ ಆಯುಷ್ಯದ ಬಗ್ಗೆಯೂ ಒಂದು ಮಾತು. ಇಂಥದ್ದೇ ತಾಣವಾದ ಎಕ್ಸ್ಟ್ರಾ ಸ್ಕೇಟರ್ ನಡೆಸುತ್ತಿದ್ದವರನ್ನು 2014ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಕೆಲಸಕ್ಕೆ ಕರೆದುಕೊಂಡಿತು, ತಾಣ ಮುಚ್ಚಿತು. ವಾರ್ ಆನ್ ಐಸ್ ಎಂಬ ಇನ್ನೊಂದು ತಾಣ ಕಟ್ಟಿದವರೂ ತಂಡಗಳ ಪಾಲಾದರು, ಅದೂ ನಿಂತಿತು. ಒಳ್ಳೆಯ ಕೆಲಸ ಮಾಡಿದವರಿಗೆ ಕರೆ ಬರುವುದು ನ್ಯಾಯವೇ; ಬಳಕೆದಾರರು ಮಾತ್ರ ಬರಿಗೈಯಲ್ಲಿ ಉಳಿಯುತ್ತಾರೆ. ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಕೋಷ್ಟಕಗಳನ್ನು ಸಿಎಸ್‌ವಿ ಕಡತವಾಗಿ ಉಳಿಸಿಕೊಳ್ಳಲು ಬಿಡುತ್ತದೆ. ಪ್ಲೇಆಫ್ ಮುಗಿದ ವಾರ ನನಗೆ ಬೇಕಾದಷ್ಟನ್ನು ಇಳಿಸಿಟ್ಟುಕೊಳ್ಳುತ್ತೇನೆ. ನೀವೂ ಹಾಗೆ ಮಾಡುವುದು ಒಳ್ಳೆಯದು.