ಬೇಡದ ಮೇಲ್ ತಡೆಯಲು ಜಿಮೇಲ್ ಒಂದೇ ಸಾಕಾ? ದಸರಾದಿಂದ ಸಂಕ್ರಾಂತಿವರೆಗೆ ಬಳಸಿ ನೋಡಿದ್ದು

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಡಿಟಿಪಿ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ. ಕೆಲಸ ಬರುವುದೂ ಮೇಲ್‌ನಲ್ಲಿ, ಮುಗಿಸಿ ಕಳಿಸುವುದೂ ಮೇಲ್‌ನಲ್ಲಿ. ಹಾಗಾಗಿ ಇನ್‌ಬಾಕ್ಸ್ ಅಂದರೆ ನನಗೆ ಅಂಗಡಿ ಬಾಗಿಲು ಇದ್ದ ಹಾಗೆ. ಬೆಳಗಾದರೆ ಆ ಬಾಗಿಲಲ್ಲಿ ಸಾಲ ಕೊಡುವವರು, ಸೈಟ್ ಮಾರುವವರು, ಕೂದಲು ಬೆಳೆಸುವವರು ಎಲ್ಲ ಸಾಲಾಗಿ ನಿಂತಿದ್ದರೆ ನಿಜವಾದ ಗಿರಾಕಿ ಕಣ್ಣಿಗೆ ಬೀಳುವುದು ಹೇಗೆ ಹೇಳಿ. ಹೋದ ದಸರಾ ಹೊತ್ತಿಗೆ ದಿನಕ್ಕೆ 40, 50 ಬೇಡದ ಮೇಲ್ ಬರುತ್ತಿದ್ದವು. ಹೊಸ ಆ್ಯಪ್ ಏನೂ ಹಾಕಿಕೊಳ್ಳದೆ, ಒಂದು ರೂಪಾಯಿಯೂ ಕೊಡದೆ, ಜಿಮೇಲ್ ಒಳಗೆ ಏನೇನು ಇದೆಯೋ ಅದನ್ನೇ ಸರಿಯಾಗಿ ಬಳಸೋಣ ಅಂತ ಹಟ ಹಿಡಿದೆ. ಈಗ ದಿನಕ್ಕೆ ಎರಡೋ ಮೂರೋ ಬರುತ್ತವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಮೊದಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ, ಡಿಲೀಟ್. ಅದರಿಂದ ಏನೂ ಆಗುವುದಿಲ್ಲ. ಕಳಿಸಿದವರಿಗೆ ಬೇಡ ಅಂತ ಗೊತ್ತಾಗುವುದಿಲ್ಲ, ಜಿಮೇಲ್‌ಗೂ ಗೊತ್ತಾಗುವುದಿಲ್ಲ, ನಾಳೆ ಮತ್ತೆ ಬರುತ್ತದೆ. ನಿಜವಾದ ಸ್ಪ್ಯಾಮ್ ಅಂತೀವಲ್ಲ, ಗುರುತು ಪರಿಚಯ ಇಲ್ಲದವರು ರಾಶಿ ರಾಶಿ ಕಳಿಸುವ ಮೇಲ್, ಅದರಲ್ಲಿ 99.9ಕ್ಕಿಂತ ಹೆಚ್ಚು ಭಾಗವನ್ನು ತಾನೇ ತಡೆಯುತ್ತೇನೆ ಅಂತ ಗೂಗಲ್ ಹೇಳುತ್ತದೆ. ನನ್ನ ಇನ್‌ಬಾಕ್ಸ್ ನೋಡಿದರೆ ಅದನ್ನು ನಂಬಬಹುದು ಅನಿಸುತ್ತದೆ, ಯಾಕೆಂದರೆ ಅಲ್ಲಿ ತುಂಬಿದ್ದದ್ದು ಬಹುಪಾಲು ಬೇರೆ ಜಾತಿ. ಸೀರೆ ಅಂಗಡಿಯ ಬಿಲ್ ಕೌಂಟರಿನಲ್ಲಿ, ಚಪ್ಪಲಿ ಅಂಗಡಿಯಲ್ಲಿ, ಯಾವುದೋ ಬಸ್ ಟಿಕೆಟ್ ಬುಕ್ ಮಾಡುವಾಗ ನಾನೇ ವಿಳಾಸ ಕೊಟ್ಟು ಮರೆತಿದ್ದ ಕಡೆಯಿಂದ ಬಂದವು. ಕಾನೂನಿನ ಕಣ್ಣಲ್ಲಿ ಅದು ಏನೋ, ನನಗಂತೂ ಅದೂ ಕಾಟವೇ. ಆದರೆ ಮದ್ದು ಬೇರೆ.

ಇವಕ್ಕೆ ಕಳಿಸಿದವರ ಹೆಸರಿನ ಪಕ್ಕದಲ್ಲೇ ಅನ್‌ಸಬ್‌ಸ್ಕ್ರೈಬ್ ಅನ್ನುವ ಬಟನ್ ಇರುತ್ತದೆ, ಅದನ್ನು ಒತ್ತಿದರೆ ಸಾಕು. ಎಲ್ಲ ಮೇಲ್‌ಗೂ ಕಾಣುವುದಿಲ್ಲ, ಆದರೆ ದೊಡ್ಡ ಅಂಗಡಿಗಳ ಮೇಲ್‌ಗಳಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. 2024ರಿಂದ ಗೂಗಲ್ ಒಂದು ನಿಯಮ ತಂದಿದೆ: ದಿನಕ್ಕೆ 5000ಕ್ಕಿಂತ ಹೆಚ್ಚು ಜಾಹೀರಾತು ಮೇಲ್ ಕಳಿಸುವವರು ಒಂದೇ ಒತ್ತಿಗೆ ಹೊರಗೆ ಬರುವ ದಾರಿ ಇಡಬೇಕು, ಬೇಡ ಅಂದವರನ್ನು 2 ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು. ಜುಲೈ 2025ರಿಂದ ಎಡಗಡೆ ಮೆನುವಿನಲ್ಲಿ ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್ ಅಂತಲೂ ಬಂದಿದೆ. ಯಾರು ಜಾಸ್ತಿ ಕಳಿಸುತ್ತಾರೋ ಅವರು ಮೇಲೆ, ಕಡಿಮೆಯವರು ಕೆಳಗೆ. ಒಂದು ಸಂಜೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಕೂತು ಮೇಲಿಂದ ಕೆಳಕ್ಕೆ 60ಕ್ಕೂ ಹೆಚ್ಚು ಕಡೆಯಿಂದ ಹೊರಬಂದೆ. ಅರ್ಧ ಭಾರ ಅವತ್ತೇ ಇಳಿಯಿತು.

ಉಳಿದವರು ಹಟಮಾರಿಗಳು. ಬೆಂಗಳೂರು ರಸ್ತೆ ಕಡೆ ಸೈಟ್ ಮಾರುವ ಒಬ್ಬರು ಇದ್ದರು, ಹೆಸರು ಬೇಡ. ಬೇಡ ಅಂತ ಒತ್ತಿದ ಮೂರನೇ ದಿನಕ್ಕೆ ಬೇರೆ ವಿಳಾಸದಿಂದ ಅದೇ ಲೇಔಟ್ ಚಿತ್ರ, ಅದೇ ದರ. ಅದಕ್ಕೂ ಬೇಡ ಅಂದೆ, ಮತ್ತೊಂದು ವಿಳಾಸ. ಆಗ ಒತ್ತಬೇಕಾದದ್ದು ರಿಪೋರ್ಟ್ ಸ್ಪ್ಯಾಮ್. ಇದು ಸುಮ್ನೆ ಮೇಲ್ ಪಕ್ಕಕ್ಕೆ ಸರಿಸುವ ಬಟನ್ ಅಲ್ಲ. ಹೀಗೆ ದೂರು ಕೊಟ್ಟವರ ಲೆಕ್ಕ ಗೂಗಲ್ ಇಡುತ್ತದೆ. ದೊಡ್ಡ ಮಟ್ಟದಲ್ಲಿ ಕಳಿಸುವವರ ಮೇಲಿನ ದೂರು ಶೇಕಡಾ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಮುಟ್ಟಿದರೆ ಅವರ ಮೇಲ್ ಬೇರೆಯವರ ಇನ್‌ಬಾಕ್ಸ್‌ಗೂ ಸಲೀಸಾಗಿ ಹೋಗುವುದಿಲ್ಲ. ನಮ್ಮ ಒಂದು ಒತ್ತಿಗೆ ಅಷ್ಟು ಬೆಲೆ ಇದೆ ಅಂತ ತಿಳಿದ ಮೇಲೆ ನಾನು ಡಿಲೀಟ್ ಮಾಡುವುದನ್ನೇ ಕಡಿಮೆ ಮಾಡಿದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಯಾರು ಅಂತಲೇ ಗೊತ್ತಿಲ್ಲದ, ನೀವು ಎಂದೂ ವಿಳಾಸ ಕೊಡದ ಕಡೆಯಿಂದ ಬಂದ ಮೇಲ್‌ನ ಕೆಳಗೆ ಇರುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತಬೇಡಿ. ಈ ವಿಳಾಸದಲ್ಲಿ ಒಬ್ಬ ಜೀವಂತ ಮನುಷ್ಯ ಓದುತ್ತಿದ್ದಾನೆ ಅಂತ ನಾವೇ ಅವರಿಗೆ ತಿಳಿಸಿದ ಹಾಗೆ ಆಗುತ್ತದೆ. ಅಂಥದಕ್ಕೆ ನೇರ ರಿಪೋರ್ಟ್ ಸ್ಪ್ಯಾಮ್.

ಇನ್ನು ನನಗೆ ತುಂಬಾ ಹಿಡಿಸಿದ್ದು ಪ್ಲಸ್ ವಿಳಾಸ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಿಮ್ಮ ಜಿಮೇಲ್ ಹೆಸರು ಆದ ಮೇಲೆ, ಆ್ಯಟ್ ಗುರುತಿಗೆ ಮುಂಚೆ, ಒಂದು ಪ್ಲಸ್ ಹಾಕಿ ಯಾವ ಪದ ಬೇಕಾದರೂ ಸೇರಿಸಬಹುದು, ಮೇಲ್ ನಿಮಗೇ ಬರುತ್ತದೆ. ದಸರಾದಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ಅಲ್ಲಿ ಅಡುಗೆಮನೆ ಸಾಮಾನಿನ ಒಂದು ಮಳಿಗೆಯಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿಸಿಕೊಳ್ಳುತ್ತಿದ್ದರು. ನನ್ನ ಹೆಸರು, ಪ್ಲಸ್, ಎಕ್ಸ್‌ಪೋ ಅಂತ ಬರೆದುಕೊಟ್ಟೆ. ಆ ಹುಡುಗ ಚೀಟಿ ನೋಡಿ, "ಮೇಡಂ, ಮಧ್ಯದಲ್ಲಿ ಪ್ಲಸ್ ಬಂದಿದೆ, ತಪ್ಪಾಗಿದೆ ನೋಡಿ" ಅಂದ. "ಇಲ್ಲಪ್ಪ, ಸರಿಯಾಗೇ ಇದೆ, ಹಾಗೇ ಹಾಕ್ಕೊಳ್ಳಿ" ಅಂದೆ.

ದೀಪಾವಳಿ ವಾರ ಆ ಮಳಿಗೆಯವರ ಮೇಲ್ ಬಂತು. ಅದು ಸರಿ, ನಾನೇ ಕೊಟ್ಟದ್ದು. ಆಮೇಲೆ ಒಂದು ತಿಂಗಳು ಕಳೆಯುವುದರೊಳಗೆ ಪರ್ಸನಲ್ ಲೋನ್ ಮೇಲ್ ಬಂತು, ಅದರ ಹಿಂದೆ ಮನೆಯಲ್ಲೇ ಕೂತು ಡಿಗ್ರಿ ಮಾಡಿ ಅನ್ನುವುದು, ಅದರ ಹಿಂದೆ ಹೆಲ್ತ್ ಇನ್ಶೂರೆನ್ಸ್. ಟು ಅಂತ ಇರುವ ಕಡೆ ನೋಡಿದರೆ ಮೂರರಲ್ಲೂ ಅದೇ ಪ್ಲಸ್ ಎಕ್ಸ್‌ಪೋ. ಪ್ರಪಂಚದಲ್ಲಿ ಬೇರೆ ಯಾರಿಗೂ ಆ ವಿಳಾಸ ಕೊಟ್ಟಿರಲಿಲ್ಲ. ಆ ಕೂಪನ್ ಡಬ್ಬಿಯಿಂದಲೇ ನನ್ನ ವಿಳಾಸ ಕೈ ಬದಲಾಯಿಸಿದೆ ಅಂತ ಗೊತ್ತಾದಾಗ ನಿಜವಾಗಿ ಬೇಜಾರಾಯಿತು. ಫೋನ್ ನಂಬರ್‌ಗೆ ಪ್ಲಸ್ ಹಾಕಲು ಬರುವುದಿಲ್ಲವಲ್ಲ, ಅದೂ ಅದೇ ಚೀಟಿಯಲ್ಲಿತ್ತು. ಮೇಲ್‌ಗಾದರೆ ದಾರಿ ಇತ್ತು. ಆ ವಿಳಾಸಕ್ಕೆ ಬಂದದ್ದೆಲ್ಲ ಡಿಲೀಟ್ ಆಗಲಿ ಅಂತ ಒಂದು ಫಿಲ್ಟರ್, ಅಂದರೆ ಜಿಮೇಲ್ ತಾನೇ ಪಾಲಿಸುವ ಒಂದು ನಿಯಮ, ಬರೆದೆ. ಎರಡು ನಿಮಿಷದ ಕೆಲಸ. ಅಲ್ಲಿಂದ ಮುಂದೆ ಒಂದೂ ಕಂಡಿಲ್ಲ. ಈಗ ಎಲ್ಲೇ ವಿಳಾಸ ಕೇಳಲಿ, ಆ ಅಂಗಡಿಗೊಂದು ಪದ ಸೇರಿಸಿಯೇ ಕೊಡುತ್ತೇನೆ.

ಸಂಕ್ರಾಂತಿಗೆ ಮಂಡ್ಯಕ್ಕೆ ಹೋದಾಗ ಅಪ್ಪನ ಫೋನ್ ಕೈಗೆ ಬಂತು. ಓದದೆ ಬಿಟ್ಟ ಮೇಲ್ 11 ಸಾವಿರ ದಾಟಿತ್ತು. ಜಾಗ ತುಂಬಿದೆ ಅಂತ ಕೆಂಪು ಗೆರೆ. "ಇದೇನವ್ವ, ಹೊಸ ಫೋನ್ ತಗೋಬೇಕಾ?" ಅಂತ ಕೇಳಿದರು ಪಾಪ. ಫೋನ್ ಅಲ್ಲ, ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ತುಂಬಿತ್ತು. ಅದು ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. ಪೂರ್ತಿ ತುಂಬಿದರೆ ಹೊಸ ಮೇಲ್ ಒಳಗೇ ಬರುವುದಿಲ್ಲ, ಬ್ಯಾಂಕಿನದೂ ಇಲ್ಲ, ಪಿಂಚಣಿಯದೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಪ್ರೊಮೋಷನ್ಸ್ ಟ್ಯಾಬ್ ತೆರೆದೆ. ಅಲ್ಲಿ ಬ್ಯಾಂಕಿನ ಪತ್ರ ಯಾವುದಾದರೂ ಸಿಕ್ಕಿಕೊಂಡಿದೆಯಾ ಅಂತ ಹುಡುಕಿ ನೋಡಿದೆ, ಅಪ್ಪ ಪಕ್ಕದಲ್ಲೇ ಕನ್ನಡಕ ಹಾಕಿಕೊಂಡು ಕೂತಿದ್ದರು. ಮೇಲಿನ ಚೌಕದಲ್ಲಿ ಟಿಕ್ ಹಾಕಿದರೆ ಒಂದು ಪುಟದ್ದು ಮಾತ್ರ ಆರಿಸುತ್ತದೆ. ಆದರೆ ಅದರ ಕೆಳಗೇ ಎಲ್ಲವನ್ನೂ ಆರಿಸಿ ಅಂತ ಒಂದು ಸಣ್ಣ ಸಾಲು ಬರುತ್ತದೆ, ಅದನ್ನು ಒತ್ತಿ ಡಿಲೀಟ್ ಮಾಡಬೇಕು. ಆಮೇಲೆ ಬಿನ್ ಕೂಡ ಖಾಲಿ ಮಾಡಬೇಕು, ಇಲ್ಲದಿದ್ದರೆ ಜಾಗ ತಕ್ಷಣ ಸಿಗುವುದಿಲ್ಲ.

ಅದೇ ರಾಶಿಯಲ್ಲಿ ನನ್ನ ಎದೆ ಧಸಕ್ ಅನ್ನಿಸಿದ ಒಂದು ಮೇಲ್ ಇತ್ತು. ಆದಾಯ ತೆರಿಗೆ ರಿಫಂಡ್ ಬಂದಿದೆ, ಇಲ್ಲಿ ಒತ್ತಿ ಖಾತೆ ವಿವರ ಕೊಡಿ ಅಂತ. ಕಳಿಸಿದವರ ಹೆಸರು ಇಲಾಖೆಯದ್ದೇ. ಫೋನಿನಲ್ಲಿ ಹೆಸರು ಮಾತ್ರ ಕಾಣುತ್ತದೆ, ವಿಳಾಸ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಹೆಸರಿನ ಕೆಳಗಿನ ಸಣ್ಣ ಬಾಣ ಒತ್ತಿ ತೋರಿಸಿದೆ. ಇಲಾಖೆಯ ವಿಳಾಸ ಗವ್ ಡಾಟ್ ಇನ್ ಅಂತ ಮುಗಿಯಬೇಕು. ಇದು ಯಾವುದೋ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿದಿತ್ತು. ಪಾಸ್‌ವರ್ಡ್, ಪಿನ್, ಒಟಿಪಿಯನ್ನು ಇಲಾಖೆ ಮೇಲ್‌ನಲ್ಲಿ ಕೇಳುವುದೇ ಇಲ್ಲ. ಇಂಥದಕ್ಕೆ ಕಂಪ್ಯೂಟರಿನಲ್ಲಿ ಮೂರು ಚುಕ್ಕಿ ಒತ್ತಿದರೆ ರಿಪೋರ್ಟ್ ಫಿಶಿಂಗ್ ಅಂತ ಬೇರೆಯೇ ಇದೆ. ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ಮೇಲ್ ಜೊತೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಪ್ಪ 1909ಕ್ಕೆ ಹೇಳಿದರೆ ಇವೆಲ್ಲ ನಿಲ್ಲುತ್ತವಾ ಅಂತ ಕೇಳಿದರು. ಅದು ಕರೆ ಮತ್ತು ಎಸ್ಸೆಮ್ಮೆಸ್‌ಗೆ ಅಷ್ಟೇ, ಮೇಲ್‌ಗೆ ಇಲ್ಲ.

ನನ್ನಿಂದಲೂ ಒಂದು ತಪ್ಪಾಯಿತು. ಉತ್ಸಾಹದಲ್ಲಿ ಹತ್ತು ಹನ್ನೆರಡು ಮೇಲ್ ಒಟ್ಟಿಗೆ ಆರಿಸಿ ಸ್ಪ್ಯಾಮ್ ಒತ್ತುವಾಗ, ಲಗ್ನಪತ್ರಿಕೆ ಮಾಡಿಸುವ ಹಳೇ ಗಿರಾಕಿಯ ಮೇಲ್ ಕೂಡ ಸೇರಿಹೋಗಿತ್ತು. ಆಮೇಲೆ ಅವರು ಕಳಿಸಿದ್ದೆಲ್ಲ ಸ್ಪ್ಯಾಮ್‌ಗೇ ಹೋಯಿತು. "ಏನ್ ಮೇಡಂ, ಪ್ರೂಫ್ ಕಳ್ಸಿ ನಾಲ್ಕು ದಿನ ಆಯ್ತು, ಮದುವೆ ಹತ್ರ ಬಂತು" ಅಂತ ಫೋನ್ ಬಂದಾಗಲೇ ನನಗೆ ಗೊತ್ತಾದದ್ದು. ರಾತ್ರಿ ಕೂತು ಮುಗಿಸಿಕೊಟ್ಟೆ. ಸ್ಪ್ಯಾಮ್‌ನಲ್ಲಿ ಬಿದ್ದದ್ದು 30 ದಿನಕ್ಕೆ ತಾನೇ ಅಳಿಸಿಹೋಗುತ್ತದೆ, ಅಷ್ಟರೊಳಗೆ ನೋಡಿ ನಾಟ್ ಸ್ಪ್ಯಾಮ್ ಒತ್ತಬೇಕು. ಕೆಲಸ ಕೊಡುವ ಎಲ್ಲರ ವಿಳಾಸಕ್ಕೂ ಎಂದೂ ಸ್ಪ್ಯಾಮ್‌ಗೆ ಕಳಿಸಬೇಡ ಅನ್ನುವ ಫಿಲ್ಟರ್ ಬರೆದಿಟ್ಟಿದ್ದೇನೆ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಆ ಫೋಲ್ಡರ್ ನೋಡುವುದು ಈಗ ಅಭ್ಯಾಸವಾಗಿದೆ.

ಒಂದು ಅಂಕ ಯಾಕೆ ಕಡಿಮೆ ಅಂದರೆ, ಫಿಲ್ಟರ್ ಬರೆಯಲು ಫೋನಿನ ಆ್ಯಪ್‌ನಲ್ಲಿ ಆಗುವುದಿಲ್ಲ, ಕಂಪ್ಯೂಟರ್ ಬೇಕೇ ಬೇಕು. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕಂಪ್ಯೂಟರ್ ಇದೆ? ಬ್ಲಾಕ್ ಅಂತ ಒತ್ತಿದರೂ ಮೇಲ್ ನಿಲ್ಲುವುದಿಲ್ಲ, ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ ಅಷ್ಟೇ. ಪ್ಲಸ್ ವಿಳಾಸವನ್ನು ಕೆಲವು ವೆಬ್‌ಸೈಟ್‌ಗಳು ತಪ್ಪು ಅಂತ ವಾಪಸ್ ಮಾಡುತ್ತವೆ, ಅದು ಜಿಮೇಲ್ ತಪ್ಪಲ್ಲ ಬಿಡಿ. ಚಿತ್ರ ತೋರಿಸುವ ಮುಂಚೆ ನನ್ನನ್ನು ಕೇಳು ಅನ್ನುವ ಆಯ್ಕೆ ಸೆಟ್ಟಿಂಗ್ಸ್ ಒಳಗೆ ಇದೆ, ಅದನ್ನೂ ಹಾಕಿಕೊಳ್ಳಿ. ನೀವು ಮೇಲ್ ತೆರೆದಿರೋ ಇಲ್ಲವೋ ಅಂತ ಕಣ್ಣಿಗೆ ಕಾಣದ ಸಣ್ಣ ಚಿತ್ರ ಇಟ್ಟು ಪತ್ತೆ ಮಾಡುವವರಿದ್ದಾರೆ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಯಾವುದೋ ಮೇಲ್ ಬಂದಿತ್ತಂತೆ, ಬಾಣ ಒತ್ತಿ ವಿಳಾಸ ಒಂದೊಂದೇ ಅಕ್ಷರ ಓದಿ ಹೇಳಿದರು, ಮೋಸದ್ದೇ. ಅಮ್ಮನ ಖಾತೆ ಇನ್ನೂ ಹಾಗೇ ಇದೆ. ಭಾನುವಾರ ಬೆಳಗಿನ ರೈಲಿಗೆ ಲ್ಯಾಪ್‌ಟಾಪ್ ತಗೊಂಡು ಮಂಡ್ಯಕ್ಕೆ ಹೊರಟಿದ್ದೇನೆ.